ಸೋಮವಾರದ ಗಾಯ

ಧನುರ್ವಾಯು ಬಂದು ಬದುಕಿದವರು ನಮ್ಮ ಕಡೆ ಕಡಿಮೆ. ಹಾಗಾಗಿ ಸುತ್ತಿನ ಹಳ್ಳಿಗಳಲ್ಲಿ ಯಾರಿಗಾದರೂ ಆ ಕಾಯಿಲೆ ಬಂತೆಂದರೆ ಅವರ ಮನೆಯವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಏನು ತಿಂದೆ, ಯಾವ ದೇವರಿಗೆ ಹರಕೆ ಹೊತ್ತೆ ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ ಮಾತು: ಬೇಗ ದೊಡ್ಡಾಸ್ಪತ್ರೆಗೆ ಹೋಗಿ, ಗಾಯ ಯಾವತ್ತು ಆಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಇಷ್ಟನ್ನು ಹೇಳಲು ಇವನೇ ಬೇಕಿತ್ತೇ ಎಂಬಂತೆ ನನ್ನ ಮುಖ ನೋಡಿ ಹೋಗುತ್ತಾರೆ. ಅವರಿಗೆ ಪುರುಸೊತ್ತಿರುವುದಿಲ್ಲ, ಪೂರ್ತಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಅದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ. ನನಗೆ ಇಪ್ಪತ್ತಾರು. ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ಕಾಲುವೆ ನೀರು ಹರಿಯುವ ಒಂದು ಹಳ್ಳಿಯಲ್ಲಿ ನಮ್ಮ ಗದ್ದೆ. ಮನೆಯಲ್ಲಿ ಅಪ್ಪಾಜಿ, ನಾನು, ಮದುವೆಯಾಗಿ ಎರಡು ವರ್ಷವಾಗಿದ್ದ ನನ್ನ ಹೆಂಡತಿ ಗೌರಿ. ಅವ್ವ ತೀರಿಕೊಂಡು ಬಹಳ ದಿನಗಳಾಗಿದ್ದವು.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಇಟ್ಟು, ಹಸಿ ಹುಲ್ಲು ಹಾಕಿ ಸುಮ್ಮನೆ ಬಿಡುತ್ತೇವೆ. ಈ ವಿಷಯದಲ್ಲಿ ಅಪ್ಪಾಜಿ ಬಲು ಬಿಗಿ. ಒಮ್ಮೆ ದೊಡ್ಡಪ್ಪ ಸೋಮವಾರ ಗಾಡಿ ಹೂಡಿಕೊಂಡು ಭತ್ತ ಸಾಗಿಸಿದರೆಂದು ಅಪ್ಪಾಜಿ ಒಂದು ವರ್ಷ ಅವರ ಮನೆಯಲ್ಲಿ ನೀರು ಕುಡಿಯಲಿಲ್ಲ. ಮನೆ ಇದ್ದದ್ದು ಪಕ್ಕದಲ್ಲೇ, ಗೋಡೆಗೆ ಗೋಡೆ.

ಆ ಸಲ ಅಪ್ಪಾಜಿ ಜಗಳೂರು ಕಡೆಯ ಸೊಕ್ಕೆಗೆ, ನನ್ನ ಅಕ್ಕನ ಮನೆಗೆ ಹೋಗಿದ್ದರು. ಗೌರಿ ತಮ್ಮನ ಮದುವೆಯೆಂದು ನ್ಯಾಮತಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬ, ಎರಡು ಎತ್ತು. ನಮ್ಮ ಗದ್ದೆಗೆ ನೀರಿನ ಸರದಿ ಬಂದದ್ದು ಸರಿಯಾಗಿ ಸೋಮವಾರ. ಕಾಲುವೆ ನೋಡಿಕೊಳ್ಳುವ ನೀರುಗಂಟಿ ಭಾನುವಾರ ಸಂಜೆಯೇ ಬಂದು, ‘ನಾಳೆ ಬಿಟ್ರೆ ಮತ್ತೆ ಎಂಟು ದಿನಕ್ಕೆ ನೋಡ್ರಿ’ ಎಂದು ಹೇಳಿಹೋಗಿದ್ದ. ಸಸಿ ಬಲಿತು ನಾಟಿಗೆ ಕಾದಿದ್ದವು. ನೋಡುವವರು ಯಾರಿದ್ದಾರೆ ಅಂದುಕೊಂಡು ಎತ್ತು ಹೂಡಿದೆ.

ಕೆಸರಿನಲ್ಲಿ ಮುರಿದ ಕುಡುಗೋಲಿನ ತುದಿಯೊಂದು ಹೂತಿತ್ತು. ಬಲಗಾಲಿನ ಅಂಗಾಲಿಗೆ ಒಂದು ಬೆರಳಿನಷ್ಟು ಇಳಿಯಿತು. ಕಿತ್ತು ಎಸೆದು, ಕಾಲುವೆ ನೀರಿನಲ್ಲಿ ತೊಳೆದು, ಮನೆಗೆ ಬಂದು ಸುಣ್ಣ ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡೆ. ಆಸ್ಪತ್ರೆಗೆ ಹೋಗಲಿಲ್ಲ. ಹೋದರೆ ಹೇಗಾಯಿತೆಂದು ಕೇಳುತ್ತಾರೆ, ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಅಂಜಿಕೆ.

ಅಪ್ಪಾಜಿ ಬಂದದ್ದು ಮುಂದಿನ ವಾರದ ಗುರುವಾರ. ಗೌರಿ ಹಿಂದಿನ ದಿನ ಬಂದಿದ್ದಳು. ಗಾಯದ ಬಾಯಿ ಮುಚ್ಚಿದ್ದರೂ ನಾನಿನ್ನೂ ಸ್ವಲ್ಪ ಕುಂಟುತ್ತಿದ್ದೆ. ಅಪ್ಪಾಜಿ ಜಗಲಿಯ ಮೇಲೆ ಕೂತು ನನ್ನ ಕಾಲನ್ನೇ ನೋಡಿದರು.

‘ಯಾವಾಗ ಆತು?’

‘ನಿನ್ನೆ, ಅಪ್ಪಾಜಿ. ಹಿತ್ಲಾಗೆ ಗಾಜು ಚುಚ್ಚಿತು.’

‘ನೋಡ್ಕಂಡು ಓಡಾಡು’ ಎಂದರು. ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಸೋಮವಾರ ಬೆಳಿಗ್ಗೆ ರೊಟ್ಟಿಯ ಚೂರು ಬಾಯಿಗೆ ಹೋಗಲಿಲ್ಲ. ದವಡೆಯ ಎರಡೂ ಕಡೆ ಯಾರೋ ಬಿರಡೆ ತಿರುಗಿಸಿ ಬಿಗಿಮಾಡಿದ ಹಾಗಿತ್ತು. ‘ಹಲ್ಲು ನೋವೇನ್ರಿ?’ ಎಂದು ಗೌರಿ ಲವಂಗ ಕೊಟ್ಟಳು. ವಾಯು ಹಿಡಿದಿದೆ ಎಂದು ದೊಡ್ಡಪ್ಪ ಬಿಸಿ ಎಣ್ಣೆ ತಿಕ್ಕಿಸಿದರು. ಮಂಗಳವಾರ ಕತ್ತು ತಿರುಗಲಿಲ್ಲ. ಬುಧವಾರ ಚನ್ನಗಿರಿಯ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಕೂತೆವು. ನನ್ನ ಮುಂದೆ ಕೆಮ್ಮಿನವರು, ಹೊಟ್ಟೆನೋವಿನವರು, ಬರಿ ಮಾತಿಗೆಂದು ಬಂದವರು ಎಲ್ಲ ಇದ್ದರು. ಅಲ್ಲಿನ ಡಾಕ್ಟರು ನಗುನಗುತ್ತಲೇ ಬಾಯಿ ತೆಗೆಯಿರಿ ಎಂದರು. ತೆಗೆಯಲು ಹೋದೆ, ಹಲ್ಲಿನ ಎರಡು ಸಾಲು ಕಂಡಿತು, ಅಷ್ಟೇ. ಅವರ ನಗು ನಿಂತಿತು. ಒಂದು ಚೀಟಿ ಬರೆದು, ‘ಬಸ್ಸಿಗೆ ಕಾಯಬೇಡಿ’ ಎಂದರು. ಅಕ್ಕಿ ಗಿರಣಿಯವರ ಜೀಪಿನಲ್ಲಿ ಹೋಗುವಾಗ ದಾರಿಯಲ್ಲಿ ಮೊದಲನೆಯ ಸೆಳೆತ ಬಂತು. ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಕಾಯಿಲೆಗೆ ಆ ಹೆಸರು ಬಂದದ್ದೇ ಹಾಗೆ. ನೋವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಚ್ಚರ ಮಾತ್ರ ಒಂದಿಷ್ಟೂ ತಪ್ಪುವುದಿಲ್ಲ ಎಂಬುದನ್ನು ಹೇಳಬೇಕು. ಕಿವಿ ಎಲ್ಲವನ್ನೂ ಕೇಳುತ್ತಿರುತ್ತದೆ.

ದೊಡ್ಡಾಸ್ಪತ್ರೆ ವೈದ್ಯಕೀಯ ಕಾಲೇಜಿಗೆ ಸೇರಿದ್ದು. ಹೆಸರು ಬೇಡ. ಅಲ್ಲಿ ನನ್ನನ್ನು ಮೊದಲು ನೋಡಿದವರು ಮುಂದಿನ ಓದು ಓದುತ್ತಿದ್ದ ಒಬ್ಬ ತರುಣ ಡಾಕ್ಟರು. ಬೇರೆ ಸೀಮೆಯವರು, ಪುಸ್ತಕದ ಕನ್ನಡ ಆಡುತ್ತಿದ್ದರು. ಸೂಜಿಮದ್ದುಗಳನ್ನು ಕೊಡಿಸಿದ ಮೇಲೆ ಒಂದು ಹಾಳೆ ತೆಗೆದರು. ಸೈಕ್ಲೋಸ್ಟೈಲ್ ಮಾಡಿದ್ದು, ನೀಲಿ ಅಕ್ಷರ, ಒಂದೊಂದು ಪ್ರಶ್ನೆಯ ಮುಂದೆ ಒಂದೊಂದು ಚೌಕ. ವಯಸ್ಸು, ಜ್ವರ, ನಾಡಿ, ಗಾಯ ಎಲ್ಲಿ, ಸೆಳೆತ ಶುರುವಾದದ್ದು ಯಾವಾಗ. ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಎಲ್ಲ ಕೂಡಿದರೆ ರೋಗಿ ಉಳಿಯುವನೋ ಇಲ್ಲವೋ ಎಂದು ಮುಂಚಿತವಾಗಿ ಹೇಳಲು ಆಗುತ್ತದೆಯೇ ಎಂಬುದೇ ಅವರ ಸಂಶೋಧನೆ. ವಾರ್ಡಿನವರು ಅವರನ್ನು ಅಂಕದ ಡಾಕ್ಟರು ಎನ್ನುತ್ತಿದ್ದರು. ಶಾಲೆಯಲ್ಲಿ ನನಗೆ ಅಂಕ ಹೆಚ್ಚು ಬಂದದ್ದು ಎಂದೂ ಇಲ್ಲ. ಇಲ್ಲಿ ಕೇಳದೆಯೇ ಬಂತು.

‘ಗಾಯ ಆದ ಎಷ್ಟನೇ ದಿನಕ್ಕೆ ಬಾಯಿ ಬಿಗಿಯಿತು?’ ಎಂದು ಕೇಳಿದರು.

ಅಪ್ಪಾಜಿ ಬೆರಳಿನ ಗೆಣ್ಣು ಎಣಿಸಿದರು. ‘ಬುಧವಾರ ಗಾಯ. ಸೋಮವಾರ ದವಡೆ ಹಿಡೀತು. ಐದು ದಿನ ಬರ್ಕಳ್ರಿ.’

ಬಾಯಿ ಕಟ್ಟಿದ್ದು ನಿಜ. ಆದರೆ ಹಲ್ಲು ಕಚ್ಚಿಕೊಂಡೇ ನಾಲ್ಕು ಮಾತು ಆಡಲು ಆಗುತ್ತಿತ್ತು. ಆಡಲಿಲ್ಲ. ಸುಳ್ಳು ಹೇಳಿದವನಿಗೆ ಇಂಥ ಕಾಯಿಲೆ ಒಳ್ಳೆಯ ನೆಪ. ಐದಾದರೇನು ಹದಿನಾಲ್ಕಾದರೇನು, ಮದ್ದು ಅದೇ ತಾನೇ ಅಂದುಕೊಂಡು ಕಣ್ಣು ಮುಚ್ಚಿದೆ.

ನನ್ನನ್ನು ಕತ್ತಲೆ ಕೋಣೆಯಲ್ಲಿಟ್ಟರು. ಕಿಟಕಿಗಳಿಗೆ ಕಪ್ಪು ಪರದೆ. ಬೆಳಕು ಬಿದ್ದರೆ, ಬಾಗಿಲು ಬಡಿದರೆ, ಯಾರಾದರೂ ಮುಟ್ಟಿದರೂ ಸಾಕು, ಸೆಳೆತ ಬರುತ್ತದೆ. ಸಿಸ್ಟರುಗಳು ಬರಿಗಾಲಲ್ಲಿ ಓಡಾಡುತ್ತಿದ್ದರು. ಗೌರಿ ಹತ್ತಿರ ಬಂದಾಗಲೆಲ್ಲ ಅವಳ ಗಾಜಿನ ಬಳೆಗಳು ಸದ್ದು ಮಾಡುತ್ತಿದ್ದವು, ನನ್ನ ಬೆನ್ನು ಏಳುತ್ತಿತ್ತು. ‘ಬಳೆ ತೆಗೆದಿಟ್ಟು ಬಾಮ್ಮ’ ಎಂದು ಸಿಸ್ಟರ್ ಹೇಳಿದರು. ಗಂಡ ಹೀಗೆ ಮಲಗಿರುವಾಗ ಯಾವ ಹೆಂಡತಿ ಬಳೆ ತೆಗೆಯುತ್ತಾಳೆ? ಗೌರಿ ವಾದ ಮಾಡಲಿಲ್ಲ. ಹಳೆಯ ಸೀರೆಯ ಅಂಚು ಹರಿದು, ಎರಡೂ ಕೈಯ ಬಳೆಗಳಿಗೆ ಒತ್ತಾಗಿ ಸುತ್ತಿಕೊಂಡು ಬಂದಳು. ಸದ್ದು ನಿಂತಿತು. ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಮೊದಲನೆಯ ನೆಮ್ಮದಿ ಅದು.

ಮಾರನೆಯ ದಿನ ಮಧ್ಯಾಹ್ನ ದೊಡ್ಡಪ್ಪ ಜೀಪು ತೆಗೆದುಕೊಂಡು ಬಂದರು. ಮೊಗಸಾಲೆಯಲ್ಲಿ ಜನ ತುಂಬಿದ್ದರಿಂದ ಮಾತೆಲ್ಲ ನನ್ನ ಕೋಣೆಯ ಬಾಗಿಲಲ್ಲೇ ನಡೆಯಿತು. ಮೆಲ್ಲಗೆ ಮಾತಾಡುತ್ತಿದ್ದರು, ಆದರೆ ಪರದೆ ಕಿವಿಗೆ ಅಡ್ಡ ಬರುವುದಿಲ್ಲ.

‘ಡಾಕ್ಟ್ರೇ, ಉಳಿಯಂಗಿದ್ರೆ ಇಲ್ಲೇ ಇರ್ಲಿ. ಇಲ್ಲ ಅಂದ್ರೆ ಮನೇಗೆ ಕರ್ಕಂಡು ಹೋಗ್ತೀವಿ. ಉಸ್ರು ಇರಾಗ್ಲೇ ಅಯ್ನೋರ ಪಾದೋದಕ ಬಾಯಿಗೆ ಬೀಳ್ಬೇಕು. ಎರಡ್ರಾಗೆ ಒಂದು ಹೇಳ್ರಿ.’ ಇದು ಅಪ್ಪಾಜಿ.

ಡಾಕ್ಟರು ತಡೆದು ತಡೆದು ಹೇಳಿದರು. ‘ನನ್ನ ಹಾಳೆಯಲ್ಲಿ ಒಂದು ಗೆರೆ ಇದೆ. ಅದರ ಮೇಲೆ ಅಂಕ ಬಂದವರು ನನ್ನ ಪಟ್ಟಿಯಲ್ಲಿ ಈವರೆಗೆ ಯಾರೂ ಉಳಿದಿಲ್ಲ. ನಿಮ್ಮ ಮಗ ಆ ಗೆರೆ ದಾಟಿದ್ದಾರೆ. ಗಾಯಕ್ಕೂ ಕಾಯಿಲೆಗೂ ನಡುವೆ ದಿನ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಐದೇ ದಿನ ಎಂದಿರಲ್ಲ, ಅಂಕ ಏರಿದ್ದು ಅದರಿಂದಲೇ. ಮದ್ದನ್ನಂತೂ ನಾವು ಬಿಡುವುದಿಲ್ಲ. ಜೀಪು ಹತ್ತಿಸಿದರೆ ಕುಲುಕಾಟಕ್ಕೇ ಪ್ರಾಣ ಹೋಗುತ್ತದೆ.’

‘ಹೆಂಗೂ ಹೋಗಾದೇ ಆದ್ರೆ ಮನೇಲೇ ಹೋಗ್ಲಿ ಬಿಡ್ರಿ’ ಎಂದರು ದೊಡ್ಡಪ್ಪ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಅನ್ನುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಹಾಸಿಗೆ, ಜಮಖಾನ ಎಲ್ಲ ಜೀಪಿನಲ್ಲಿ ಹಾಸಿ ಬರುತ್ತೇನೆಂದು ದೊಡ್ಡಪ್ಪ ಹೋದದ್ದು ಕೇಳಿಸಿತು. ನನಗೆ ಆವರೆಗೆ ಇದ್ದದ್ದು ನೋವು. ಹೆದರಿಕೆ ಆಗ ಬಂತು. ನನ್ನ ಸಾವಿನ ಲೆಕ್ಕದಲ್ಲಿ ಅರ್ಧ ನನ್ನ ಬಾಯಿಂದಲೇ ಬಂದದ್ದು, ಅದನ್ನು ತಿದ್ದುವ ಬಾಯಿಯೂ ನನ್ನದೇ, ಅದು ಈಗ ತೆರೆಯುತ್ತಿಲ್ಲ.

ಗೌರಿ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. ಬೆರಳು ಅಲ್ಲಾಡಿಸಿದೆ. ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು. ಮೊದಲ ಮಾತಿಗೇ ಸೆಳೆತ ಬಂದು, ಅದು ಹೋಗುವವರೆಗೆ ಕಾದು, ಮತ್ತೆ ಶುರುಮಾಡಿದೆ. ಹಲ್ಲಿನ ಸಂದಿಯಲ್ಲಿ ಒಂದೊಂದೇ ಅಕ್ಷರ.

‘ಗಾಯ ಸೋಮವಾರದ್ದು. ನೀನು ಊರಾಗಿರ್ಲಿಲ್ಲ. ಎತ್ತು ಹೂಡಿದ್ದೆ. ಹದಿನಾಕು ದಿನ.’

ಅವಳು ನನ್ನ ಮುಖವನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

‘ಮಾವಂಗೆ ಹೇಳ್ಲಾ?’ ಎಂದಳು.

ಕಣ್ಣು ಮುಚ್ಚಿ ತೆಗೆದೆ. ಎದ್ದು ಬಾಗಿಲಿಗೆ ಹೋದಳು. ಹೇಳಿದ್ದು ಕೇಳಿಸಿತು: ‘ಮಾವ, ಗಾಯ ಬುಧವಾರದ್ದಲ್ಲಂತೆ. ಹಿಂದಿನ ವಾರದ ಸೋಮವಾರದ್ದಂತೆ. ಗದ್ದೇಲಿ ಎತ್ತು ಹೂಡಿದಾಗ ಆಗಿದ್ದಂತೆ.’

ಅಪ್ಪಾಜಿ ಬಿರುಗಣ್ಣು ಬಿಡುತ್ತಾರೆ, ಇಲ್ಲವೇ ತಲೆ ಚಚ್ಚಿಕೊಳ್ಳುತ್ತಾರೆ ಎಂದು ಕಾದೆ. ಅವರು ಅಂದದ್ದು ಎರಡೇ ಮಾತು.

‘ನಂಗೊತ್ತೈತೆ. ಆದ್ರೆ ದಿನಕ್ಕೂ ಜೀವಕ್ಕೂ ಸಂಬಂಧ ಐತೆ ಅಂತ ನಂಗೆ ಗೊತ್ತಿರ್ಲಿಲ್ಲವ್ವ.’

ಆಮೇಲೆ ಅವರ ಹೆಜ್ಜೆ ಮೊಗಸಾಲೆಯ ಉದ್ದಕ್ಕೂ ಓಡಿದ್ದು ಕೇಳಿಸಿತು. ಅಪ್ಪಾಜಿ ಓಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿದ್ದಿಲ್ಲ.

ಡಾಕ್ಟರು ಬಂದು ನನ್ನ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಂಬುವ ಜಾತಿಯಲ್ಲ ಅವರು. ಮಗ ಉಳಿಯಲಿ ಎಂದು ಮನೆಯವರು ಹೊಸ ದಿನ ಹೇಳುತ್ತಿದ್ದಾರೋ ಏನೋ ಎಂಬ ಅನುಮಾನ ಬಂದರೆ ತಪ್ಪೂ ಅಲ್ಲ. ‘ಸೋಮವಾರವೇ ಎಂದು ಹೇಗೆ ಹೇಳುತ್ತೀರಿ?’ ಎಂದು ಅಪ್ಪಾಜಿಯನ್ನು ಕೇಳಿದರು.

‘ಕಾಲುವೆ ನೀರು ನಮ್ಮ ಗದ್ದೆಗೆ ಬಿಟ್ಟಿದ್ದು ಆವತ್ತೇ ರೀ. ನಾ ಸೊಕ್ಕೆಯಿಂದ ಬಂದು ಬಸ್ ಇಳಿದಾಗ ನೀರುಗಂಟಿ ಸಿಕ್ದ. ನಿಮ್ಮ ಹುಡುಗ ಸೋಮವಾರ ಹೂಡಿದ್ದ, ಕಾಲು ಕೊಯ್ಕಂಡು ಕುಂಟ್ತಾ ಹೋದ ಅಂದ. ಮನೇಗೆ ಬಂದು ಇವನ್ನ ಕೇಳಿದೆ. ಇವನು ನಿನ್ನೆ ಅಂದ.’

ಡಾಕ್ಟರು ಜೇಬಿನಿಂದ ಬೇರೆ ಚೀಟಿ ತೆಗೆದು, ಬಾಗಿಲ ಸಂದಿಯ ಬೆಳಕಿಗೆ ಹಿಡಿದು ಮತ್ತೆ ಕೂಡಿದರು. ಕೂಡಿದ್ದನ್ನು ಎರಡು ಸಲ ನೋಡಿದರು.

‘ಗೆರೆಯ ಕೆಳಗೆ ಬರುತ್ತದೆ. ತುಂಬಾ ಕೆಳಗಲ್ಲ’ ಎಂದರು. ‘ಉಳಿಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ಜೀಪು ಹತ್ತಿಸಬೇಡಿ ಎಂದು ಹೇಳುತ್ತಿದ್ದೇನೆ.’

ದೊಡ್ಡಪ್ಪ ಖಾಲಿ ಜೀಪಿನಲ್ಲಿ ಊರಿಗೆ ಹೋದರು.

ಮುಂದಿನ ಮೂರು ವಾರ ಹೇಗೆ ಕಳೆದವೆಂದು ಕೇಳಿದರೆ ಸರಿಯಾಗಿ ಹೇಳಲಾರೆ. ನಿದ್ದೆಯ ಸೂಜಿಮದ್ದು, ಮೂಗಿನ ನಳಿಕೆಯಲ್ಲಿ ಗಂಜಿ, ನಡುನಡುವೆ ಸೆಳೆತ. ಒಂದು ಸಲ ಉಸಿರು ನಿಂತು, ಸಿಸ್ಟರ್ ಒಬ್ಬರು ಗಂಟಲಲ್ಲಿ ಕಟ್ಟಿದ್ದ ಕಫವನ್ನೆಲ್ಲ ನಳಿಕೆಯಿಂದ ಹೀರಿ ತೆಗೆದು ಎದೆ ಒತ್ತಿದರಂತೆ. ಅವರ ಹೆಸರು ಕೇಳಿಕೊಳ್ಳಲಿಲ್ಲ, ಆ ಕೊರಗು ಈಗಲೂ ಇದೆ. ಪಕ್ಕದ ಮಂಚದಲ್ಲಿ ಹೊನ್ನಾಳಿಯ ಯಜಮಾನರೊಬ್ಬರಿದ್ದರು. ಅವರ ಅಂಕ ಬಲು ಕಡಿಮೆ, ಸೆಳೆತವೂ ಕಡಿಮೆ. ಇವರು ಇನ್ನೆಂಟು ದಿನದಲ್ಲಿ ನಡೆದುಕೊಂಡು ಹೋಗುತ್ತಾರೆ ಎಂದು ಎಲ್ಲರೂ ಅಂದಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಗಂಟಲು ಹಿಡಿದು ಹೋಗಿಬಿಟ್ಟರು. ಅವರ ಮಗಳ ಅಳು ಕೇಳಿ ನನಗೆ ಸೆಳೆತ ಬಂತು. ಸತ್ತವರಿಗಾಗಿ ಅಳುವುದಕ್ಕೂ ಹೊರಗೆ ಹೋಗಬೇಕಾದ ಕೋಣೆ ಅದು.

ಆ ದಿನ ಅಂಕದ ಡಾಕ್ಟರು ಬಹಳ ಹೊತ್ತು ಖಾಲಿ ಮಂಚದ ಬಳಿ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ‘ಈ ಹಾಳೆಯನ್ನು ನೂರು ಜನರ ವಿಷಯ ಕೇಳಿದರೆ ಹೇಳುತ್ತದೆ. ಒಬ್ಬರ ವಿಷಯ ಕೇಳಿದರೆ ತೊದಲುತ್ತದೆ’ ಎಂದರು. ಅವರ ಮೇಲೆ ನನಗೆ ಅಲ್ಲಿಯವರೆಗೆ ಒಳಗೊಳಗೇ ಸಿಟ್ಟಿತ್ತು, ಸಾವಿಗೆ ಅಂಕ ಹಾಕುವ ಮನುಷ್ಯ ಎಂದು. ಅವತ್ತು ಅದು ಹೋಯಿತು.

ದವಡೆ ಸಡಿಲಾಗಿದ್ದು ಮಂಡಕ್ಕಿಯ ಲೆಕ್ಕದಲ್ಲಿ. ಮೊದಲ ದಿನ ಗೌರಿ ಹಲ್ಲಿನ ಸಂದಿಗೆ ಒಂದು ಮಂಡಕ್ಕಿ ತೂರಿಸಿದಳು. ನಾಲಿಗೆಯ ಮೇಲೆ ಅದು ಕರಗುವವರೆಗೆ ಇಬ್ಬರೂ ಸುಮ್ಮನೆ ಕೂತಿದ್ದೆವು. ಎರಡು ದಿನ ಬಿಟ್ಟು ಎರಡನ್ನು ಒಂದರ ಮೇಲೊಂದಿಟ್ಟು ತೂರಿಸಿದಳು. ಅಪ್ಪಾಜಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ‘ಇವತ್ತು ಎಷ್ಟವ್ವ?’ ಎಂದು ಅವಳನ್ನು ಕೇಳುತ್ತಿದ್ದರು. ನನ್ನನ್ನು ಕೇಳುತ್ತಿರಲಿಲ್ಲ. ಆ ಸೋಮವಾರದ ಮಾತು ಹೊರಬಿದ್ದ ಮೇಲೆ ನಾವಿಬ್ಬರೂ ನೇರವಾಗಿ ಮಾತಾಡಿರಲಿಲ್ಲ. ನನಗೆ ಬಾಯಿ ಇರಲಿಲ್ಲ ಎಂಬುದು ಒಂದು, ಬಂದ ಮೇಲೂ ಆಡಲಿಲ್ಲ ಎಂಬುದು ಇನ್ನೊಂದು.

ಐದನೆಯ ವಾರ ಮೊಗಸಾಲೆಯಲ್ಲಿ ನಡೆಯುವ ಅಭ್ಯಾಸ ಮಾಡಿಸುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪಾಜಿ ನನ್ನ ರಟ್ಟೆ ಹಿಡಿದುಕೊಂಡಿದ್ದರು. ಕಂಬದ ಹತ್ತಿರ ನಿಂತಾಗ ಕೇಳಿಬಿಟ್ಟೆ.

‘ಗೊತ್ತಿದ್ದೂ ಡಾಕ್ಟ್ರ ಮುಂದೆ ಬುಧವಾರ ಅಂದ್ರಲ್ಲ ಅಪ್ಪಾಜಿ, ಯಾಕೆ?’

ಅವರು ಕಂಬದ ಸುಣ್ಣವನ್ನು ಉಗುರಿನಿಂದ ಕೆರೆದರು. ‘ನಿಂಗೆ ಎಚ್ಚರ ಇತ್ತು. ಕೇಳಿಸ್ಕಂತಿದ್ದೆ. ಬದುಕ್ತೀಯಾ ಅಂತ ನಂಗೆ ಧೈರ್ಯ ಇರ್ಲಿಲ್ಲ. ಸಾಯೋ ಹೊತ್ನಾಗೆ ಅಪ್ಪ ನನ್ನ ಸುಳ್ಳುಗಾರ ಅಂದ ಅಂತ ಮನಸ್ನಾಗೆ ಇಟ್ಕಂಡು ಹೋಗ್ಬಾರ್ದು ಅಂತ, ನೀ ಹೇಳಿದ್ದೇ ಹೇಳ್ದೆ.’

ನನಗೆ ಸಿಟ್ಟು ಬಂತು. ಆ ಪ್ರೀತಿಯೇ ನನ್ನನ್ನು ಜೀಪಿನವರೆಗೆ ತಂದಿತ್ತು. ಸಿಟ್ಟಿನ ಹಿಂದೆಯೇ ಅಳುವೂ ಬಂತು, ಅಳಲು ಬಾಯಿ ಪೂರ್ತಿ ತೆರೆಯಲಿಲ್ಲ. ‘ಎತ್ತು ಹೂಡಿದ್ದು ತಪ್ಪಾತು’ ಎಂದೆ.

‘ಹೂಡಿದ್ದು ತಪ್ಪೇ. ಅದಕ್ಕಿಂತ ನನಗೆ ಹೇಳಾಕೆ ನೀ ಅಂಜೋ ಹಂಗೆ ನಾ ಇದ್ದೆ ನೋಡು, ಅದು’ ಎಂದು ಅಪ್ಪಾಜಿ ನನ್ನ ರಟ್ಟೆ ಎಳೆದು ಮುಂದೆ ನಡೆಸಿದರು.

ಮನೆಗೆ ಹೋಗುವ ದಿನ ಡಾಕ್ಟರು ಹಾಳೆಗಳ ಕಟ್ಟು ಹಿಡಿದುಕೊಂಡು ಬಂದರು. ನನ್ನ ಹಾಳೆಯ ಮೇಲೆ ಮೊದಲ ದಿನದ ಅಂಕವೇ ಇತ್ತು. ಯಾಕೆ ತಿದ್ದಲಿಲ್ಲ ಎಂದು ಕೇಳಿದೆ.

‘ಎರಡನೆಯ ಅಂಕ ಬೇರೆ ಚೀಟಿಯಲ್ಲಿದೆ, ಅದನ್ನೂ ಇಟ್ಟುಕೊಂಡಿದ್ದೇನೆ. ಇದನ್ನು ತಿದ್ದುವ ಹಾಗಿಲ್ಲ. ಬದುಕಿದವರದನ್ನೆಲ್ಲ ಆಮೇಲೆ ತಿದ್ದುತ್ತಾ ಹೋದರೆ ನನ್ನ ಹಾಳೆ ಎಂದೂ ತಪ್ಪು ಹೇಳುವುದೇ ಇಲ್ಲ. ಹಾಗಿದ್ದರೆ ಅದನ್ನು ನಂಬಿ ನಾಳೆ ಇನ್ನೊಬ್ಬರನ್ನು ಮನೆಗೆ ಕಳಿಸಿಬಿಡುತ್ತೇನೆ. ಸಾಯುತ್ತಾರೆ ಅಂದವರು ಬದುಕಿದ್ದೀರಿ. ಅದು ನನ್ನ ಲೆಕ್ಕದ ತಪ್ಪಾಗಿಯೇ ಉಳಿಯಬೇಕು’ ಎಂದರು.

ಆಮೇಲೆ ಹಾಳೆಯ ಕೆಳಗೆ ಕೈಯಲ್ಲಿ ಬರೆದಿದ್ದ ಒಂದು ಹೊಸ ಸಾಲು ತೋರಿಸಿದರು. ಹೊಸದಾಗಿ ಅಚ್ಚು ಹಾಕಿಸುವ ಹಾಳೆಯಲ್ಲಿ ಈ ಪ್ರಶ್ನೆಯೂ ಇರುತ್ತದಂತೆ. ‘ಗಾಯದ ದಿನವನ್ನು ಹೇಳಿದವರು ಯಾರು? ಹೇಳುವಾಗ ಹತ್ತಿರ ಯಾರಿದ್ದರು?’ ಇನ್ನು ಮೇಲೆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತೇನೆ ಎಂದರು. ‘ನಿಮ್ಮದರಿಂದಲೇ ಶುರುಮಾಡೋಣ. ಐದು ದಿನ ಎಂದು ಹೇಳಿದವರು ಯಾರು?’

ಅಪ್ಪಾಜಿ ಗಂಟು ಕಟ್ಟುತ್ತಿದ್ದರು. ಗೌರಿ ಬಳೆಯ ಬಟ್ಟೆ ಬಿಚ್ಚುತ್ತಿದ್ದಳು.

‘ನಾನೇ’ ಎಂದೆ.

ಡಾಕ್ಟರು ಪೆನ್ನು ಊರಿದರು. ಅಪ್ಪಾಜಿ ಗಂಟು ಬಿಟ್ಟು ಎದ್ದು ಬಂದರು.

‘ಇಲ್ರೀ. ಅವಂಗೆ ಆವತ್ತು ಬಾಯಿ ಕಟ್ಟಿತ್ತು. ಗೊತ್ತಿದ್ದೂ ತಪ್ಪು ಹೇಳಿದ್ದು ನಾನು. ನನ್ನ ಹೆಸ್ರು ಬರ್ಕಳ್ರಿ.’

ಡಾಕ್ಟರು ಹೆಸರು ಕೇಳಿ ಬರೆದುಕೊಂಡರು. ಅಪ್ಪಾಜಿ ಅಲ್ಲೇ ನಿಂತಿದ್ದರು.

‘ಸಹಿ ಎಲ್ಲಿ ಮಾಡ್ಲಿ?’

ಆ ಹಾಳೆಯಲ್ಲಿ ಸಹಿಗೆ ಜಾಗವೇ ಇರಲಿಲ್ಲ. ಯಾವ ಸಂಶೋಧನೆಗೂ ಅದು ಬೇಕಾಗಿರಲಿಲ್ಲ. ಡಾಕ್ಟರು ಒಂದು ಕ್ಷಣ ಹಾಳೆಯನ್ನು, ಅಪ್ಪಾಜಿಯನ್ನು ನೋಡಿದರು. ಆಮೇಲೆ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ, ಮೂಲೆ ಏಳದ ಹಾಗೆ ಕೈಯಿಂದ ಒತ್ತಿ ಹಿಡಿದು, ಪೆನ್ನು ಕೊಟ್ಟರು.